ಮಾರ್ಜಾರಪೋಷಣೆಯ ನಿಷೇಧ: ಒಂದು ಹಳೆಯ ವಿಚಾರದ ಇತಿಹಾಸ

ಇಂದಿನ ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. 1894ರಲ್ಲಿ ಅಲ್ಲಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ಮಾರ್ಗವಾಗಿ ಮಾರಿಕುಪ್ಪದವರೆಗೆ ಕವಲು ರೈಲುದಾರಿ ತೆರೆಯಿತು. ಚಿನ್ನದ ಗಣಿಗಳಿಗೆ ಕಲ್ಲಿದ್ದಲು, ಯಂತ್ರ, ಮರಮುಟ್ಟು ಹೋದ ಈ ದಾರಿಯಲ್ಲೇ ಕಾರ್ಮಿಕರಿಗೆ ಬೇಕಾದ ಅಕ್ಕಿ, ರಾಗಿ, ಬೇಳೆಗಳ ಮೂಟೆಗಳೂ ಹೋದುವು. 1891ರ ಜನಗಣತಿಯಲ್ಲಿ ಗಣಿ ಪ್ರದೇಶದ ಜನಸಂಖ್ಯೆ 7,085. ಹತ್ತು ವರ್ಷಗಳ ತರುವಾಯ, 1901ರಲ್ಲಿ, ಅದು 38,204. ಇಷ್ಟು ಜನರು ಬಿದಿರುತಟ್ಟಿಯ ಗುಡಿಸಲುಗಳ ಸಾಲುಗಳಲ್ಲಿ ಒತ್ತೊತ್ತಾಗಿ ನೆಲೆಸಿದರು. ಮೂಟೆ ಬಂದಲ್ಲಿಗೆ ಇಲಿ ಬರುವುದು ಲೋಕರೂಢಿ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಕಾಲಿಟ್ಟಿತು. ಗಣಿ ಪ್ರದೇಶವೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ರೋಗವು ಇಲಿಯಿಂದ ಚಿಗಟದ ಮೂಲಕ ಮನುಷ್ಯನಿಗೆ ದಾಟುತ್ತದೆಂದು ತೋರಿಸಿದರು. ಮೊದಲು ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 1905ರಿಂದ ಮುಂಬಯಿಯಲ್ಲಿ ಪ್ಲೇಗು ಆಯೋಗ ನಡೆಸಿದ ಪ್ರಯೋಗಗಳು ಆ ಮಾತನ್ನು ಸ್ಥಿರಪಡಿಸಿದ ಮೇಲೆ ಇಲಿಯ ವಿರುದ್ಧ ಯುದ್ಧವೇ ಆರಂಭವಾಯಿತು. ಆಗ ಬೆಕ್ಕಿಗೆ ಹಿಂದೆಂದೂ ಇಲ್ಲದ ಗೌರವ ಬಂತು. ಅಮರಾವತಿಯಲ್ಲಿ ಸರ್ಕಾರಿ ವೈದ್ಯಾಧಿಕಾರಿಯಾಗಿದ್ದ ಆಂಡ್ರ್ಯೂ ಬುಕ್ಯಾನನ್ 1908ರಲ್ಲಿ, ಬೆಕ್ಕುಗಳು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಅದೇ ವರ್ಷ ಜಪಾನಿಗೆ ಹೋಗಿದ್ದ ರಾಬರ್ಟ್ ಕೋಚ್ ಅಲ್ಲಿಯ ಸರ್ಕಾರಕ್ಕೂ ಬೆಕ್ಕು ಸಾಕುವ ಸಲಹೆಯನ್ನೇ ಕೊಟ್ಟರು. ಬೆಕ್ಕು ಸಾಕುವುದು ಮನೆಯ ಅಭ್ಯಾಸವಾಗಿ ಉಳಿಯದೆ ಸಾರ್ವಜನಿಕ ಕರ್ತವ್ಯವೆಂಬಂತಾಯಿತು.

ಕೋಲಾರ ಜಿಲ್ಲೆಗೆ ಇದು ದೂರದ ಕಥೆಯಲ್ಲ. ಸೂರತ್ತಿನ 1994ರ ಪ್ರಕರಣಕ್ಕೆ ಮೊದಲು ಭಾರತದಲ್ಲಿ ದಾಖಲಾದ ಮನುಷ್ಯಪ್ಲೇಗಿನ ಕೊನೆಯ ಪ್ರಕರಣ 1966ರಲ್ಲಿ ಇದೇ ಜಿಲ್ಲೆಯ ಮುಳಬಾಗಿಲಿನದು. ಆದರೆ ಬುಕ್ಯಾನನ್ನರ ಲೆಕ್ಕದಲ್ಲಿ ಒಂದು ಕಲಂ ಬಿಟ್ಟುಹೋಗಿತ್ತು. ರೋಗದ ಇಲಿಯನ್ನು ತಿಂದ ಬೆಕ್ಕಿಗೂ ಪ್ಲೇಗು ತಗಲುತ್ತದೆ. ಅದರ ಮೈಮೇಲಿನ ಚಿಗಟ, ಉಗುರು, ಉಸಿರುಗಳಿಂದ ಅದನ್ನು ಸಾಕಿದವನಿಗೂ ತಗಲುತ್ತದೆ. ಅಮೆರಿಕದಲ್ಲಿ 1977ರಿಂದ 1998ರವರೆಗೆ ಹೀಗೆ ಬೆಕ್ಕಿನಿಂದ ಬಂದ 23 ಪ್ರಕರಣಗಳು ದಾಖಲಾಗಿವೆ.

ಧಾನ್ಯವ್ಯಾಪಾರವನ್ನೇ ಕುಲವೃತ್ತಿಯಾಗಿ ಮಾಡಿಕೊಂಡು ಬಂದ ಅಹಿಂಸಾಣುವ್ರತಿಗಳ ಮುಂದೆ ಪ್ಲೇಗಿಗೂ ಮೊದಲಿನಿಂದಲೇ ಈ ಪ್ರಶ್ನೆ ಇತ್ತು. ಇಲಿಗೆ ವಿಷವಿಡುವುದು ಸಂಕಲ್ಪಹಿಂಸೆ, ಅದು ನಿಷಿದ್ಧ. ಹಾಗಾದರೆ ತಾನು ವಿಷವಿಡದೆ ಬೆಕ್ಕನ್ನು ಸಾಕಿ ಅದರ ಪಾಡಿಗೆ ಅದನ್ನು ಬಿಟ್ಟರೆ ದೋಷ ಯಾರದು? ಬೆಕ್ಕು ತನ್ನ ಸ್ವಭಾವದಂತೆ ನಡೆಯಿತು, ಸಾಕಿದವನು ಹಾಲು ಮಾತ್ರ ಹಾಕಿದನು ಎನ್ನಬಹುದಲ್ಲ! ಈ ಜಾಣತನವನ್ನು ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಊಹಿಸಿದ್ದರು ಎಂಬುದೇ ವಿಶೇಷ.

ಸೋಮದೇವಸೂರಿಗಳು ತಮ್ಮ ಯಶಸ್ತಿಲಕ ಚಂಪುವನ್ನು ಮುಗಿಸಿದ್ದು ಶಕ 881ರಲ್ಲಿ, ಅಂದರೆ ಕ್ರಿ.ಶ. 959ರಲ್ಲಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಆಗ ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದನೆಂದು ಗ್ರಂಥಾಂತ್ಯದಲ್ಲಿ ಹೇಳಿದೆ. ಕೋಲಾರದ ಗಣಿಗಳಿಂದ ಪೂರ್ವಕ್ಕೆ ಘಟ್ಟವಿಳಿದರೆ ಪೊನ್ನೈ ನದಿಯ ದಡದಲ್ಲಿ ಆ ಊರು ಇಂದಿಗೂ ಇದೆ. ಈ ಗ್ರಂಥದ ಕೊನೆಯ ಭಾಗ ಉಪಾಸಕಾಧ್ಯಯನ, ಅಂದರೆ ಗೃಹಸ್ಥರ ಆಚಾರಶಾಸ್ತ್ರ. ಅಲ್ಲಿ ಅನರ್ಥದಂಡವೆಂದರೆ, ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವೆಂದರೆ ಏನೆಂದು ವಿವರಿಸುವಾಗ ಸೋಮದೇವರು ನವಿಲು, ಕೋಳಿ, ಗಿಡುಗ, ಬೆಕ್ಕು, ಹಾವು, ಮುಂಗುಸಿಗಳನ್ನು ಹೆಸರಿಸಿ, ಅದೇ ಉಸಿರಿನಲ್ಲಿ ವಿಷ, ಮುಳ್ಳು, ಶಸ್ತ್ರ, ಅಗ್ನಿ, ಚಾವಟಿ, ಬಲೆ, ಹಗ್ಗಗಳನ್ನೂ ಹೇಳುತ್ತಾರೆ. ಕಾರ್ತಿಕೇಯಾನುಪ್ರೇಕ್ಷೆಯೆಂಬ ಪ್ರಾಕೃತ ಗ್ರಂಥ ಇನ್ನೂ ನೇರವಾಗಿ ಬೆಕ್ಕಿನಿಂದಲೇ ಪಟ್ಟಿಯನ್ನು ಆರಂಭಿಸುತ್ತದೆ: ಬೆಕ್ಕು ಮೊದಲಾದ ಪ್ರಾಣಿಗಳನ್ನು ಇಟ್ಟುಕೊಳ್ಳುವುದು, ಆಯುಧ, ಲೋಹಾದಿಗಳನ್ನು ಮಾರುವುದು, ಅರಗು, ಹಿಂಡಿ ಮುಂತಾದುವುಗಳನ್ನು ಕೊಳ್ಳುವುದು ನಾಲ್ಕನೆಯ ಅನರ್ಥದಂಡವೆಂದು ಅದರ ಅಭಿಪ್ರಾಯ. ಈ ಗ್ರಂಥವನ್ನು 1960ರಲ್ಲಿ ಶುಭಚಂದ್ರರ ಟೀಕೆಯೊಂದಿಗೆ ಸಂಪಾದಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ ಜನಿಸಿದ ಡಾ. ಆ.ನೇ. ಉಪಾಧ್ಯೆ. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಇದೇ ಮಾತನ್ನು ವ್ಯಾಪಾರದ ದೃಷ್ಟಿಯಿಂದ ಹೇಳುತ್ತದೆ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣ ಒಂದು. ಹಣಕ್ಕಾಗಿ ಬೆಕ್ಕು, ನಾಯಿ, ಕೋಳಿ, ನವಿಲು, ಗಿಳಿ, ಗೊರವಂಕಗಳನ್ನು ಸಾಕುವುದು ಅದರೊಳಗೆ ಬರುತ್ತದೆ.

ಈ ಪಟ್ಟಿಗಳನ್ನು ಓದಿದ ಕೆಲವರಿಗೆ ಆಚಾರ್ಯರು ಬೆಕ್ಕನ್ನು ನೀಚಪ್ರಾಣಿಯೆಂದು ತಿಳಿದಿದ್ದರೆಂಬ ಭಾವನೆ ಬರುವುದುಂಟು. ಅದು ಸರಿಯಲ್ಲ. ಬೆಕ್ಕು ಪಂಚೇಂದ್ರಿಯ ಜೀವಿ. ಅದರ ಪ್ರಾಣಕ್ಕೂ ಹಕ್ಕಿಯ ಪ್ರಾಣಕ್ಕೂ ತಾರತಮ್ಯವಿಲ್ಲ. ಬೆಕ್ಕಿನ ಪಕ್ಕದಲ್ಲಿ ಶಸ್ತ್ರವೂ ಹಗ್ಗವೂ ಏಕೆ ಬಂದುವೆಂಬುದನ್ನು ಯೋಚಿಸಬೇಕು. ಕತ್ತಿ ತಾನಾಗಿ ಪಾಪಿಯಲ್ಲ. ಕತ್ತಿಯನ್ನು ಮನೆಯಲ್ಲಿಟ್ಟು ಯಾರಿಗೆ ಬೇಕಾದರೂ ಕೊಡುವವನು ಅದರಿಂದಾಗುವ ಕೆಲಸದ ಪಾಲುದಾರನಾಗುತ್ತಾನೆ. ಹಿಂಸೆಯನ್ನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಈ ಕೃತ, ಕಾರಿತ, ಅನುಮೋದನೆಗಳು ಮೂರೂ ಒಂದೇ ಖಾತೆಗೆ ಬರುತ್ತವೆ. ಇಲಿಗಾಗಿ ಬೆಕ್ಕನ್ನು ತಂದವನದು ಕಾರಿತ. ಮೂಟೆಯ ಹಿಂದೆ ಸತ್ತ ಇಲಿಯನ್ನು ಕಂಡು ಸಂತೋಷಪಟ್ಟವನದು ಅನುಮೋದನೆ. ನಿಷೇಧವಿರುವುದು ಬೆಕ್ಕಿನ ಮೇಲಲ್ಲ, ಅದನ್ನು ಇಟ್ಟುಕೊಳ್ಳುವ ಕೈಯ ಮೇಲೆ.

ಹಾಗಾದರೆ ಧಾನ್ಯವನ್ನು ಕಾಯುವುದು ಹೇಗೆ? ಹಳೆಯ ಮೈಸೂರು ಸೀಮೆಯ ಒಕ್ಕಲಿನವರಿಗೆ ಒಂದು ದಾರಿ ಗೊತ್ತಿತ್ತು. ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಇಲಿಗೆ ಅಲ್ಲಿ ದಾರಿಯೇ ಇಲ್ಲ. (ಗಾಳಿಯಿಲ್ಲದ ಆ ಕತ್ತಲಲ್ಲಿ ಹುಳುಗಳು ಸಾಯುವುದರಿಂದ ಅದೂ ಪೂರ್ಣ ಅಹಿಂಸೆಯಲ್ಲವೆಂದು ಸೂಕ್ಷ್ಮಮತಿಗಳು ಹೇಳಬಹುದು, ಗೃಹಸ್ಥನದು ಅಣುವ್ರತವಾಗಿರುವುದು ಇದಕ್ಕಾಗಿಯೇ.) ಮೂಟೆಗಳನ್ನು ಗೋಡೆಯಿಂದ ಒಂದು ಮೊಳ ದೂರದಲ್ಲಿ ಮರದ ಹಾಸಿನ ಮೇಲೆ ಜೋಡಿಸುವುದು, ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆಯುವುದು, ಚೆಲ್ಲಿದ ಕಾಳನ್ನು ಸಂಜೆಯೇ ಗುಡಿಸುವುದು, ಇವುಗಳಿಗೆ ಬೆಕ್ಕಿನ ಕೂಲಿಗಿಂತ ಹೆಚ್ಚು ಶ್ರಮ ಬೇಕು. ಶ್ರಮ ತಪ್ಪಿಸಿಕೊಳ್ಳುವುದಕ್ಕಾಗಿ ಸಾಕಿದ ಬೆಕ್ಕೇ ಶಾಸ್ತ್ರದಲ್ಲಿ ಮೊದಲು ಸಿಕ್ಕಿಬಿದ್ದದ್ದು.

ಬೆಕ್ಕನ್ನು ಸಾಕಬಾರದೆಂದ ಪರಂಪರೆಯೇ ಬೆಕ್ಕನ್ನು ಕೊಲ್ಲಲೂಬಾರದೆಂದಿತು. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಒಂದರ ಹಿಂದೊಂದು ಬರುವ ಮೂರು ವಿಚಾರಗಳು ಇಲ್ಲಿ ಬಹಳ ಮುಖ್ಯ. ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಅನೇಕ ಜೀವಗಳು ಉಳಿಯುವುವೆಂದು ಭಾವಿಸಿ ಅದನ್ನು ಕೊಲ್ಲಬಾರದು. ಅದು ಬದುಕಿದಷ್ಟು ಕಾಲ ಅನೇಕ ಜೀವಗಳನ್ನು ಕೊಂದು ಮಹಾಪಾಪವನ್ನು ಗಳಿಸುವುದಲ್ಲ ಎಂಬ ಅನುಕಂಪದಿಂದಲೂ ಕೊಲ್ಲಬಾರದು. ನೋವಿನಿಂದ ನರಳುವ ಪ್ರಾಣಿಗೆ ಬೇಗನೆ ಬಿಡುಗಡೆಯಾಗಲೆಂದು ಕರುಣೆಯ ಕತ್ತಿಯನ್ನು ಹಿಡಿದೂ ಕೊಲ್ಲಬಾರದು. ಮೊದಲ ಎರಡು ಮಾತುಗಳು ಬೆಕ್ಕಿಗೂ ಮೂರನೆಯದು ಬೆಕ್ಕಿನ ಬಾಯಿಂದ ಬಿಡಿಸಿದ ಹಕ್ಕಿಗೂ ಹೇಳಿದಂತಿವೆ.

ಕನ್ನಡಿಗರಿಗೆ ಇದು ಕಥೆಯ ರೂಪದಲ್ಲೂ ಗೊತ್ತು. 1209ರಲ್ಲಿ ಜನ್ನನು ಬರೆದ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಕ್ಕಳು ನಾಯಿ ಮತ್ತು ನವಿಲಾಗಿ ಹುಟ್ಟಿ ತಮ್ಮದೇ ಅರಮನೆಗೆ ಸಾಕುಪ್ರಾಣಿಗಳಾಗಿ ಬರುತ್ತಾರೆ. ಸಾಕಿದ ನಾಯಿಯ ಬಾಯಲ್ಲಿ ಸಾಕಿದ ನವಿಲು ಸಾಯುತ್ತದೆ. ಕೋಪಗೊಂಡ ದೊರೆಯ ಕೈಯಲ್ಲಿ ನಾಯಿ ಸಾಯುತ್ತದೆ. ಎರಡನ್ನೂ ಒಂದೇ ಅಂಗಳದಲ್ಲಿ ತಂದಿಟ್ಟವನು ತಾನೆಂಬುದು ದೊರೆಗೆ ಹೊಳೆಯುವುದಿಲ್ಲ. ಕಥೆಯ ಹಿಟ್ಟಿನ ಕೋಳಿಯ ಬಗ್ಗೆ ಬೇಕಾದಷ್ಟು ಬರೆದ ವಿಮರ್ಶಕರು ಈ ಅರಮನೆಯ ಪ್ರಸಂಗವನ್ನು ಅಷ್ಟಾಗಿ ಗಮನಿಸಿಲ್ಲ.

ಬೆಕ್ಕು ಇಲಿಗಳ ಪ್ರಶ್ನೆ ಮತ್ತೊಮ್ಮೆ ತೀವ್ರವಾಗಿ ಎದ್ದದ್ದು ಹದಿನೆಂಟನೆಯ ಶತಮಾನದ ರಾಜಸ್ಥಾನದಲ್ಲಿ. ಅದನ್ನು ಇಲ್ಲಿ ಹೇಳಲೇಬೇಕು. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳಿಗೆ ವ್ಯಾಪಾರಕ್ಕಾಗಿ ಮಾರವಾಡದಿಂದ ಬಂದ ಮನೆತನಗಳು ಈ ಚರ್ಚೆಯನ್ನೂ ತಮ್ಮೊಡನೆ ತಂದುವು. ತೇರಾಪಂಥವನ್ನು 1760ರಲ್ಲಿ ಸ್ಥಾಪಿಸಿದ ಆಚಾರ್ಯ ಭಿಕ್ಷು (1726–1803) ಅವರನ್ನು ವಿರೋಧಿಗಳು ಕೇಳುತ್ತಿದ್ದ ಪ್ರಶ್ನೆ ಪ್ರಸಿದ್ಧವಾದುದು: ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತಿದೆ, ಇಲಿಯನ್ನು ಬಿಡಿಸುವುದು ಧರ್ಮವೋ ಅಲ್ಲವೋ? ಭಿಕ್ಷುಸ್ವಾಮಿಗಳ ಉತ್ತರ ಕಠಿಣವಾಗಿತ್ತು. ಇಲಿಯ ಮೇಲಿನ ರಾಗದಿಂದ, ಬೆಕ್ಕಿನ ಮೇಲಿನ ದ್ವೇಷದಿಂದ, ಬಲವಂತವಾಗಿ ಒಂದರ ಆಹಾರವನ್ನು ಕಿತ್ತುಕೊಳ್ಳುವುದು ಲೌಕಿಕ ಉಪಕಾರವಾಗಬಹುದು. ಅದು ಮೋಕ್ಷಮಾರ್ಗದ ಧರ್ಮವಲ್ಲ. ಕೊಲ್ಲುವವನ ಹೃದಯ ಬದಲಾಗುವುದೇ ನಿಜವಾದ ದಯೆ. ನಾಲ್ಕನೆಯ ಆಚಾರ್ಯರಾದ ಜಯಾಚಾರ್ಯರು ಭ್ರಮವಿಧ್ವಂಸನದಲ್ಲಿ ಈ ಪಕ್ಷವನ್ನು ಸಮರ್ಥಿಸಿದರು. ಸ್ಥಾನಕವಾಸಿ ಆಚಾರ್ಯ ಜವಾಹರಲಾಲರು (1875–1943) ಸದ್ಧರ್ಮಮಂಡನವನ್ನು ಬರೆದು, ಸಾಯುವ ಪ್ರಾಣಿಯನ್ನು ಉಳಿಸುವುದೇ ಅನುಕಂಪೆ, ಅದನ್ನು ಧರ್ಮದಿಂದ ಹೊರಗಿಡುವುದು ಹೇಗೆಂದು ಖಂಡಿಸಿದರು.

ಇಬ್ಬರ ವಾದಗಳನ್ನೂ ಗೌರವದಿಂದ ಓದಿದವರಿಗೆ ಒಂದು ಸಂಗತಿ ಕಾಣಿಸದಿರದು. ಆ ಚರ್ಚೆಯ ಬೆಕ್ಕು ಯಾರ ಮನೆಯದೂ ಅಲ್ಲ. ಅದು ಹಸಿದ, ತನ್ನಷ್ಟಕ್ಕೆ ಬದುಕುವ ಪ್ರಾಣಿ, ನೋಡುವವನು ಮೂರನೆಯವನು. ಆದರೆ ಬೆಕ್ಕಿಗೆ ಹೆಸರಿಟ್ಟು, ಹೊತ್ತುಹೊತ್ತಿಗೆ ತಟ್ಟೆಯಿಟ್ಟು, ರಾತ್ರಿ ಬಾಗಿಲು ತೆರೆದು ಹೊರಗೆ ಬಿಡುವವನು ಮೂರನೆಯವನಾಗಿ ಉಳಿಯುವುದಿಲ್ಲ. ಇಲಿಯನ್ನು ಬಿಡಿಸಬೇಕೇ ಎಂಬ ಪ್ರಶ್ನೆಗೆ ಬರುವ ಮೊದಲೇ ಅವನು ಪ್ರಕರಣದೊಳಗಿದ್ದಾನೆ.

ಶಾಕಾಹಾರಿ ಮನೆಗಳಲ್ಲಿ ಈ ಮಾತಿಗೆ ಇನ್ನೊಂದು ತಿರುವಿದೆ. ಅಲ್ಲಿ ಬೆಕ್ಕಿಗೆ ಹಾಲು ಅನ್ನ ಸಿಗುತ್ತದೆ. ಈ ಮನೆಯಲ್ಲಿ ಬೆಕ್ಕೂ ಶಾಕಾಹಾರಿಯೆಂದು ಹೆಮ್ಮೆಪಡುವವರುಂಟು. ದೇಹಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಬೆಕ್ಕಿನ ಶರೀರಕ್ಕೆ ಟಾರಿನ್ ಎಂಬ ದ್ರವ್ಯ ಅವಶ್ಯಕ. ಅದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಆ ಶರೀರಕ್ಕಿಲ್ಲ, ಸಸ್ಯಾಹಾರದಲ್ಲಿ ಅದು ಸಿಗುವುದೂ ಇಲ್ಲ. ಟಾರಿನ್ ಕೊರತೆಯಾದ ಬೆಕ್ಕುಗಳ ಕಣ್ಣಿನ ಪರದೆ ಕೆಡುತ್ತದೆಂದು 1975ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಾಲು ಅನ್ನದ ಬೆಕ್ಕು ಕುರುಡಾಗದೆ ಚುರುಕಾಗಿದೆಯೆಂದರೆ ಉಳಿದುದನ್ನು ಅದು ಬೇರೆಲ್ಲಿಂದಲೋ ತರುತ್ತಿದೆ ಎಂದೇ ಅರ್ಥ. ಅಡಿಗೆಮನೆಯ ಖಿರ್ದಿಯಲ್ಲಿ ಹಾಲಿನ ಖರ್ಚು ಮಾತ್ರ ಬರೆದಿದೆ. ಹಿತ್ತಿಲಿನ ಅಳಿಲು, ಓತಿ, ಪಿಕಳಾರದ ಮರಿಗಳ ಖರ್ಚನ್ನು ಬರೆದವರಿಲ್ಲ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತದೆಂದು ಗಾದೆ. ಇಲ್ಲಿ ಹಾಲು ಹಾಕುವವನೂ ಕಣ್ಣುಮುಚ್ಚಿರುತ್ತಾನೆ. ಅಂದಿನ ಆಚಾರ್ಯರಿಗೆ ಟಾರಿನ್ ಗೊತ್ತಿರಲಿಲ್ಲ, ಆದರೆ ಬೆಕ್ಕು ಗೊತ್ತಿತ್ತು. ಅದನ್ನು ಸಾಕುವವನು ಒಂದೋ ಮಾಂಸವನ್ನು ಕೊಡಬೇಕು, ಇಲ್ಲವೇ ಅದು ತಾನೇ ತೆಗೆದುಕೊಳ್ಳಲು ಬಿಡಬೇಕು. ವ್ರತಿಗೆ ಎರಡೂ ಸಲ್ಲದ್ದರಿಂದ ಇಟ್ಟುಕೊಳ್ಳುವುದನ್ನೇ ಬೇಡವೆಂದರು.

ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡದೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಹಸಿವು ಬೇರೆ, ಬೇಟೆಯ ಪ್ರವೃತ್ತಿ ಬೇರೆ. ಚೆನ್ನಾಗಿ ತಿಂದ ಬೆಕ್ಕು ಹಕ್ಕಿಯನ್ನು ಕೊಂದು ತಿನ್ನದೆ ಬಿಟ್ಟುಬರುವುದನ್ನು ಎಲ್ಲರೂ ಕಂಡಿದ್ದಾರೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಮಾತು ಹುಟ್ಟಿದ್ದು ಬರಿಯ ಹಸಿವನ್ನು ನೋಡಿಯಲ್ಲ.

ಮನುಷ್ಯನ ಜೊತೆಗೆ ಹೋದ ಬೆಕ್ಕು ಮಾಡಿದ್ದೇನೆಂಬುದಕ್ಕೆ ಲೋಕಪ್ರಸಿದ್ಧವಾದ ಉದಾಹರಣೆ ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ್ದು. 1894ರಲ್ಲಿ ಅಲ್ಲಿ ದೀಪಸ್ತಂಭ ಬೆಳಗಿತು. ಕಾವಲುಗಾರರೊಡನೆ ಬೆಕ್ಕೂ ಬಂತು. ಹಾರಲಾರದ ಒಂದು ಪುಟ್ಟ ಹಕ್ಕಿಯ ಜಾತಿ ಲೋಕಕ್ಕೆ ಗೊತ್ತಾದದ್ದೇ ಆ ಬೆಕ್ಕು ಬಾಯಲ್ಲಿ ಕಚ್ಚಿ ತಂದುದರಿಂದ. ಕೆಲವೇ ವರ್ಷಗಳಲ್ಲಿ ಆ ಜಾತಿ ನಾಮಾವಶೇಷವಾಯಿತು. ಒಂದೇ ಬೆಕ್ಕು ಇಡೀ ಜಾತಿಯನ್ನು ಮುಗಿಸಿತೆಂಬುದು ಕಟ್ಟುಕಥೆ. ದ್ವೀಪದಲ್ಲಿ ಹೆಚ್ಚಿದ ಬೆಕ್ಕುಗಳೆಲ್ಲವೂ ಸೇರಿ ಮುಗಿಸಿದುವೆಂದು ಇತ್ತೀಚಿನ ಸಂಶೋಧನೆ ತಿಳಿಸುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದಲ್ಲಿ ಬೆಕ್ಕುಗಳಿಂದ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳು ಸಾಯುವುವೆಂದು ಅಂದಾಜು ಮಾಡಿತು. ಅವುಗಳಲ್ಲಿ ಹೆಚ್ಚಿನವು ಯಾರೂ ಸಾಕದ ಬೆಕ್ಕುಗಳಿಗೆ ಬಲಿಯಾದುವು. ಇದನ್ನು ಓದಿ ಸಾಕಿದವರು ನಿಶ್ಚಿಂತರಾಗಬೇಕಾಗಿಲ್ಲ. ಯಾರೂ ಸಾಕದ ಬೆಕ್ಕು ಬಹುಮಟ್ಟಿಗೆ ಯಾರೋ ಸಾಕಿ ಬಿಟ್ಟ ಬೆಕ್ಕಿನ ಸಂತಾನ.

ಕೋರಮಂಡಲಿನ ಆಸುಪಾಸಿನಲ್ಲಿ ಇದು ಸುಲಭವಾಗಿ ಅರ್ಥವಾಗುವ ಮಾತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದುವು. ಕೆಲಸ ಹುಡುಕಿಕೊಂಡು ಸಂಸಾರಗಳು ಊರು ಬಿಟ್ಟಾಗ ಪಾತ್ರೆಪಗಡಿಗಳು ಹೋಗುತ್ತವೆ, ಬೆಕ್ಕುಗಳು ಹೋಗುವುದಿಲ್ಲ. ಬೆಕ್ಕು ಮನೆಯನ್ನು ನಂಬುತ್ತದೆ, ಯಜಮಾನನನ್ನಲ್ಲ ಎಂದು ಹೇಳಿ ಬಿಟ್ಟುಹೋಗುವವರ ಮನಸ್ಸಿಗೆ ಅದೊಂದು ಸಮಾಧಾನ.

ಇಲ್ಲಿ ಹಳೆಯ ಶಾಸ್ತ್ರಕ್ಕೂ ಇಂದಿನ ವನ್ಯಜೀವಿ ವಿಜ್ಞಾನಕ್ಕೂ ಇರುವ ಭೇದವನ್ನು ಮುಚ್ಚಿಡಬಾರದು. ಶಾಸ್ತ್ರ ಜೀವವನ್ನು ಎಣಿಸುತ್ತದೆ, ವಿಜ್ಞಾನ ಜಾತಿಯನ್ನು ಎಣಿಸುತ್ತದೆ. ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಬಗೆಯ ಬಾವಲಿಯಿದೆ. 1994ರಲ್ಲಿ ಹೊಸ ಜಾತಿಯೆಂದು ಗುರುತಿಸಲ್ಪಟ್ಟ ಅದು ಜಗತ್ತಿನಲ್ಲಿ ಇನ್ನೆಲ್ಲಿಯೂ ಉಳಿದಿರುವುದು ತಿಳಿದುಬಂದಿಲ್ಲ. ಇರುವುದು ಇನ್ನೂರಕ್ಕಿಂತ ಕಡಿಮೆಯೆಂಬ ಅಂದಾಜು. ಅಲ್ಲಿ ಅಪಾಯ ಬಂದದ್ದು ಕಲ್ಲುಗಣಿಯಿಂದ, ಬೆಕ್ಕಿನಿಂದಲ್ಲ. ಆದರೆ ನ್ಯೂಜಿಲೆಂಡಿನಲ್ಲಿ 2010ರಲ್ಲಿ ಒಂದೇ ಒಂದು ಬೆಕ್ಕು ಒಂದು ವಾರದಲ್ಲಿ ನೂರಕ್ಕೂ ಹೆಚ್ಚು ಬಾವಲಿಗಳನ್ನು ಕೊಂದದ್ದು ಪತ್ತೆಯಾಯಿತು. ಹನುಮನಹಳ್ಳಿಯಲ್ಲಿ ಹಾಗೊಂದು ವಾರ ಬಂದರೆ ಒಂದು ಜಾತಿಯೇ ಹೋಗುತ್ತದೆ. ಇನ್ನೂರು ಬಾವಲಿಗಳ ಸಾವು ಇನ್ನೂರು ಇಲಿಗಳ ಸಾವಿಗಿಂತ ದೊಡ್ಡದೆಂದು ಶಾಸ್ತ್ರ ಹೇಳಲಾರದು, ವಿಜ್ಞಾನ ಹೇಳುತ್ತದೆ. ಜಾತಿಯ ಉಳಿವಿಗಾಗಿ ಬೆಕ್ಕನ್ನು ಕೊಲ್ಲಬಹುದೆಂದು 2015ರಲ್ಲಿ ಆಸ್ಟ್ರೇಲಿಯ ಸರ್ಕಾರ ತೀರ್ಮಾನಿಸಿ 20 ಲಕ್ಷ ಕಾಡುಬಿದ್ದ ಬೆಕ್ಕುಗಳನ್ನು 2020ರೊಳಗೆ ನಿವಾರಿಸುವ ಗುರಿಯಿಟ್ಟುಕೊಂಡಿತು. ಅಮೃತಚಂದ್ರರ ಮೊದಲನೆಯ ಮಾತಿಗೆ ಇದು ನೇರವಾಗಿ ವಿರುದ್ಧ. ಎರಡು ದೃಷ್ಟಿಗಳೂ ಕೂಡುವ ಸ್ಥಳ ಒಂದೇ: ಬೆಕ್ಕು ಬಾಗಿಲು ದಾಟುವುದಕ್ಕೆ ಮುಂಚಿನ ಹೊತ್ತು.

ಆದರೆ ಸಾಕಿ ಆದ ಮೇಲೆ ಏನು ಮಾಡಬೇಕು? ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಹೇಳುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬೆಕ್ಕನ್ನು ಮನೆಯೊಳಗೇ ಇಟ್ಟರೆ ಬಂಧವಾಯಿತು; ಇಷ್ಟವಾದ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಸಂತಾನವಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಛೇದವಾಯಿತು. ಊಟ ನಿಲ್ಲಿಸಿದರೆ ಅನ್ನಪಾನನಿರೋಧ. ಯಾವ ಕಡೆಗೆ ತಿರುಗಿದರೂ ದೋಷವೇ! ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತ ಇಲ್ಲಿ ವಿವೇಕದ ಮಾತನ್ನು ಹೇಳುತ್ತದೆ. ಬಂಧದಲ್ಲಿ ಪ್ರಯೋಜನವುಳ್ಳದ್ದು, ಇಲ್ಲದ್ದು ಎಂದು ಭೇದವುಂಟು. ದಯೆಯ ಅಪೇಕ್ಷೆಯುಳ್ಳದ್ದು, ಇಲ್ಲದ್ದು ಎಂದೂ ಭೇದವುಂಟು. ಕಟ್ಟಲೇಬೇಕಾದರೆ ಬೆಂಕಿ ಬಿದ್ದಾಗ ಬಿಡಿಸಿಕೊಳ್ಳುವಷ್ಟು ಸಡಿಲವಾಗಿ ಕಟ್ಟಬೇಕು. ಕಟ್ಟದೆಯೇ ಇರಬಲ್ಲ ಪ್ರಾಣಿಗಳನ್ನು ಮಾತ್ರ ಇಟ್ಟುಕೊಳ್ಳುವುದು ಉತ್ತಮ. ಈ ಅಳತೆಯಿಂದ ನೋಡಿದರೆ, ಆಟಕ್ಕೆ ಜಾಗವಿರುವ ಮನೆಯೊಳಗೆ ಬೆಕ್ಕನ್ನು ಇರಿಸುವುದು ಹಕ್ಕಿಗಳ ಮೇಲಿನ ದಯೆಯಿಂದಾದ ಸಡಿಲ ಬಂಧ. ಅರಿವಳಿಕೆ ಕೊಟ್ಟು ನಿಪುಣರಿಂದ ಮಾಡಿಸಿದ ಸಂತಾನನಿರೋಧ ಚಿಕಿತ್ಸೆಯನ್ನು ಕಿವಿಮೂಗು ಕೊಯ್ಯುವ ಛೇದದ ಸಾಲಿಗೆ ಸೇರಿಸುವುದು ಅಕ್ಷರವನ್ನು ಹಿಡಿದು ಅರ್ಥವನ್ನು ಬಿಟ್ಟಂತೆ. ಇದನ್ನು ಒಪ್ಪದ ಶ್ರಾವಕರೂ ಇದ್ದಾರೆ. ಅವರಿಗೆ ಉಳಿದಿರುವ ದಾರಿ ಮೊದಲೇ ಸಾಕದಿರುವುದು.

ಇಂಗ್ಲೆಂಡಿನ ನೈಋತ್ಯ ಭಾಗದ 219 ಮನೆಗಳ 355 ಬೆಕ್ಕುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಪಯುಕ್ತ. ದಿನಕ್ಕೆ ಐದು ಹತ್ತು ನಿಮಿಷ ಬೆಕ್ಕಿನೊಡನೆ ಆಟವಾಡಿದ ಮನೆಗಳಲ್ಲಿ ಅದು ತರುವ ಬೇಟೆ ನೂರಕ್ಕೆ 25ರಷ್ಟು ಕಡಿಮೆಯಾಯಿತು. ಕುತ್ತಿಗೆಗೆ ಗಾಢಬಣ್ಣದ ಬಟ್ಟೆಯ ಪಟ್ಟಿ ಕಟ್ಟಿದಾಗ ಹಕ್ಕಿಗಳ ಸಂಖ್ಯೆ ನೂರಕ್ಕೆ 42ರಷ್ಟು ಇಳಿಯಿತು. ಮಾಂಸಾಂಶ ಹೆಚ್ಚಿರುವ ಆಹಾರ ಕೊಟ್ಟಾಗ ಒಟ್ಟು ಬೇಟೆ ನೂರಕ್ಕೆ 36ರಷ್ಟು ಇಳಿಯಿತು. ಕೊನೆಯದು ವ್ರತಿಗಳ ಮನೆಯಲ್ಲಿ ನಡೆಯುವ ಮಾತಲ್ಲ. ಆಚಾರ್ಯರ ತರ್ಕ ಎಷ್ಟು ಗಟ್ಟಿಯಾದುದೆಂಬುದಕ್ಕೆ ಅದೇ ಸಾಕ್ಷಿ.

ಬೆಕ್ಕಿನ ಬಾಯಿಂದ ಬಿಡಿಸಿದ ಹಕ್ಕಿಯ ವಿಚಾರ ಉಳಿಯಿತು. ಸಾಬರಮತಿ ಆಶ್ರಮದಲ್ಲಿ 1928ರಲ್ಲಿ ಗುಣವಾಗದ ರೋಗದಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ಸೂಜಿಮದ್ದು ಕೊಡಿಸಿ ಅದರ ಪ್ರಾಣ ತೆಗೆಸಿದರು. ದೇಶದಾದ್ಯಂತ, ವಿಶೇಷವಾಗಿ ಗುಜರಾತಿನ ಜೈನರಿಂದ, ತೀವ್ರ ಪ್ರತಿಭಟನೆಯ ಪತ್ರಗಳು ಬಂದುವು. ಸ್ವಾರ್ಥವಿಲ್ಲದೆ, ರೋಗಿಯ ಹಿತಕ್ಕಾಗಿಯೇ ಮಾಡಿದ್ದು ಹಿಂಸೆಯಲ್ಲವೆಂದು ಗಾಂಧೀಜಿ ವಾದಿಸಿದರು. ಅಮೃತಚಂದ್ರರ ಮೂರನೆಯ ಮಾತು ಇದಕ್ಕೆ ಎದುರು ನಿಲ್ಲುತ್ತದೆ. ಆದರೆ ಕೊಲ್ಲಬಾರದೆಂದವನಿಗೆ ಅಲ್ಲಿಗೆ ಕೆಲಸ ಮುಗಿಯಲಿಲ್ಲ. ನೋವನ್ನು ತಗ್ಗಿಸುವ ಹೊಣೆ ಅವನ ಮೇಲೆ ಇಮ್ಮಡಿಯಾಗಿ ಬೀಳುತ್ತದೆ. ಗಾಯಗೊಂಡ ಹಕ್ಕಿಯನ್ನು ಮರದ ಬುಡದಲ್ಲಿಟ್ಟು ನವಕಾರ ಹೇಳಿ ಬರುವುದು ಆ ಹೊಣೆಯಲ್ಲಿ ಅರ್ಧ ಮಾತ್ರ.

ಬೆಕ್ಕಿನ ಹಲ್ಲಿನ ಗಾಯ ಕಣ್ಣಿಗೆ ಚಿಕ್ಕದಾಗಿ ಕಂಡರೂ ಅದರ ಎಂಜಲಿನ ಸೂಕ್ಷ್ಮಜೀವಿಗಳು ಹಕ್ಕಿಯ ರಕ್ತಕ್ಕೆ ಸೇರಿ ಒಂದೆರಡು ದಿನಗಳಲ್ಲಿ ಕೊಲ್ಲುತ್ತವೆ. ರಕ್ತವಿಲ್ಲವೆಂದು ಬಿಟ್ಟರೆ ಹಕ್ಕಿ ಕಣ್ಮರೆಯಾಗಿ ಸಾಯುತ್ತದೆ. ಪಶುವೈದ್ಯರಿಂದ ಸೂಕ್ತ ಔಷಧ ಬೇಗ ದೊರೆತರೆ ಮಾತ್ರ ಆಸೆ. ಅಲ್ಲಿಯವರೆಗೆ ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲೆಯಲ್ಲಿ, ಸದ್ದಿಲ್ಲದ ಕಡೆ ಇಡುವುದೇ ಪ್ರಥಮೋಪಚಾರ. ಕರುಣೆಯಿಂದ ಕೊಕ್ಕಿಗೆ ನೀರು ಬಿಡುವುದು, ಹಾಲು ಕುಡಿಸುವುದು ಎಷ್ಟೋ ಹಕ್ಕಿಗಳನ್ನು ಕೊಂದಿದೆ. ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಹಾಲು ಹಕ್ಕಿಗೆ ಅರಗುವುದಿಲ್ಲ. ಬಾವಲಿಯನ್ನಂತೂ ಬರಿಗೈಯಿಂದ ಮುಟ್ಟಬಾರದು. ಬಿಡಿಸುವಾಗ ಬೆಕ್ಕು ಪರಚಿದರೆ ಗಾಯವನ್ನು ಸೋಪುನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳುವುದು ಅವಶ್ಯ. ಗುಣವಾದ ಕಾಡುಹಕ್ಕಿಯನ್ನು ಪಂಜರದಲ್ಲಿಟ್ಟುಕೊಳ್ಳುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡ್ಡಿಯಿದೆ. ಹೇಮಚಂದ್ರರ ಪಟ್ಟಿಯಲ್ಲಿ ಬೆಕ್ಕಿನ ಪಕ್ಕದಲ್ಲೇ ಗಿಳಿಯೂ ಇದ್ದುದನ್ನು ಓದುಗರು ಮರೆತಿರಲಾರರು. ಅರಣ್ಯ ಇಲಾಖೆಗೆ ತಿಳಿಸುವುದು, ಇಲ್ಲವೇ ಬೆಂಗಳೂರಿನ ಕೆಂಗೇರಿಯ ಬಳಿ 1996ರಿಂದ ನಡೆದುಬಂದಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಚಿಕಿತ್ಸಾಲಯದಂತಹ ಕಡೆಗೆ ತಲುಪಿಸುವುದು ಯುಕ್ತ.

ದೆಹಲಿಯ ಚಾಂದನಿ ಚೌಕದಲ್ಲಿ ಲಾಲ್ ಮಂದಿರದ ಆವರಣದ ಜೈನ ಪಕ್ಷಿ ಚಿಕಿತ್ಸಾಲಯದ ಹೆಸರನ್ನು ಕೇಳದವರು ವಿರಳ. ಅಲ್ಲಿ ಧಾನ್ಯ ತಿನ್ನುವ ಪಕ್ಷಿಗಳನ್ನು ಒಳರೋಗಿಗಳಾಗಿ ಇರಿಸಿಕೊಂಡು, ಹದ್ದು, ಗಿಡುಗ ಮೊದಲಾದ ಮಾಂಸಾಹಾರಿ ಪಕ್ಷಿಗಳಿಗೆ ಹೊರಗಿನಿಂದಲೇ ಚಿಕಿತ್ಸೆ ಕೊಟ್ಟು ಕಳುಹಿಸುವ ಪದ್ಧತಿ ಬೆಳೆದುಬಂತು. ಹದ್ದನ್ನು ಇಟ್ಟುಕೊಂಡರೆ ಮಾಂಸ ಕೊಡಬೇಕು. ಬೆಕ್ಕಿನ ವಿಷಯದಲ್ಲಿ ಆಚಾರ್ಯರು ಕಂಡ ತೊಡಕೇ ಇದು. ಗಾಯಗೊಂಡ ಹದ್ದನ್ನು ಅಲ್ಲಿ ಸೇರಿಸಿಕೊಳ್ಳದಿದ್ದಾಗ ನದೀಮ್ ಶೆಹಜಾದ್, ಮೊಹಮ್ಮದ್ ಸೌದ್ ಎಂಬ ಸಹೋದರರು ತಾವೇ ಆರೈಕೆಗಿಳಿದರು. 2010ರಲ್ಲಿ ಅದಕ್ಕಾಗಿ ಸಂಸ್ಥೆಯನ್ನು ಕಟ್ಟಿ, ತಮ್ಮ ಮನೆಯಲ್ಲೇ ಸಾವಿರಾರು ಹದ್ದುಗಳಿಗೆ ಚಿಕಿತ್ಸೆ ನೀಡಿದರು. 2022ರಲ್ಲಿ ಶೌನಕ್ ಸೇನ್ ಅವರ ಸಾಕ್ಷ್ಯಚಿತ್ರದಿಂದ ಈ ಕಥೆ ಲೋಕಕ್ಕೆಲ್ಲ ತಿಳಿಯಿತು. ಸಾಕಲು ಇಟ್ಟುಕೊಳ್ಳುವುದಕ್ಕೂ ಗುಣಪಡಿಸಿ ಬಿಡಲು ಇಟ್ಟುಕೊಳ್ಳುವುದಕ್ಕೂ ಭೇದವಿದೆಯೇ, ಆ ಕೆಲವು ವಾರಗಳ ಮಾಂಸ ಯಾರ ಖಾತೆಗೆ ಬೀಳುತ್ತದೆ, ಎಂಬ ಪ್ರಶ್ನೆಗೆ ಸೋಮದೇವರಲ್ಲಾಗಲಿ ಆಶಾಧರರಲ್ಲಾಗಲಿ ನೇರವಾದ ಉತ್ತರ ಸಿಗುವುದಿಲ್ಲ. ಅವರ ಕಾಲದಲ್ಲಿ ಹದ್ದಿನ ರೆಕ್ಕೆಯನ್ನು ಕೊಯ್ಯುವ ಗಾಜುಪುಡಿಯ ಗಾಳಿಪಟದ ದಾರವೂ ಇರಲಿಲ್ಲ, ಮುರಿದ ರೆಕ್ಕೆಯನ್ನು ಕೂಡಿಸುವ ವೈದ್ಯವೂ ಇರಲಿಲ್ಲ. ವಿದ್ವಾಂಸರೂ ತ್ಯಾಗಿಗಳೂ ಕುಳಿತು ಚರ್ಚಿಸಬೇಕಾದ ವಿಷಯವಿದು.